ಕ್ಯಾಮೆರಾ ಕೂರಿಸುವ ಕೊಂಡಿಗಳು: ಯಾವುದನ್ನು ಎಷ್ಟು ನಂಬಬಹುದು?

ಒಂದು ಸಂಜೆ ನಿಲುವು ಫ್ರೇಮಿನಲ್ಲಿ ಚಿತ್ರ ತೆಗೆಯುತ್ತಿದ್ದೆ. ಕ್ಯಾಮೆರಾವನ್ನು ಟ್ರೈಪಾಡಿನ ಬಾಲ್ ಹೆಡ್ಡಿನ (ಎತ್ತ ಬೇಕಾದರೂ ತಿರುಗುವ ಗುಂಡಿನ ತಲೆ) ಪಕ್ಕದ ಸೀಳಿಗೆ ಮಲಗಿಸಿದ್ದೆ, ಮುಂದೆ ಭಾರದ 24-70 ಲೆನ್ಸು. ನಾಲ್ಕೈದು ಚಿತ್ರಕ್ಕೊಮ್ಮೆ ಎದುರಿನವರ ತಲೆಯ ಮೇಲಿನ ಜಾಗ ಕಿರಿದಾಗುತ್ತಾ ಹೋಯಿತು. ಹೆಡ್ಡೇ ಜಾರುತ್ತಿದೆ ಅಂದುಕೊಂಡು ಅದರ ತಿರುಪನ್ನು ಬಿಗಿ ಮಾಡಿದ್ದೇ ಮಾಡಿದ್ದು. ಹೆಡ್ಡು ಗಟ್ಟಿಯಾಗೇ ಇತ್ತು. ಬಿಚ್ಚಿಕೊಳ್ಳುತ್ತಿದ್ದದ್ದು ಅದರ ಮೇಲಿನ ಪ್ಲೇಟು ಮತ್ತು ಕ್ಯಾಮೆರಾದ ನಡುವಿನ ಸ್ಕ್ರೂ. ಲೆನ್ಸಿನ ಭಾರವೇ ಕ್ಯಾಮೆರಾವನ್ನು ನಿಧಾನವಾಗಿ ತಿರುಗಿಸುತ್ತಿತ್ತು. ಆ ಗಳಿಗೆಯಲ್ಲಿ ಕೈ ಕೆಳಗಿತ್ತು, ಬಚಾವಾದೆ.

ಅವತ್ತಿನಿಂದ ಯಾವ ಸಾಮಾನು ಕೊಳ್ಳುವಾಗಲೂ ನಾನು ಮೊದಲು ನೋಡುವುದು ಅದು ಎಷ್ಟು ಕಿಲೋ ಹೊರುತ್ತದೆ ಅಂತಲ್ಲ. ಕೈಕೊಡುವಾಗ ಹೇಳಿ ಕೈಕೊಡುತ್ತದೋ, ಹೇಳದೆ ಕೈಕೊಡುತ್ತದೋ ಅಂತ. ಜಾರುವ ಹೆಡ್ಡು ಸೂಚನೆ ಕೊಡುತ್ತದೆ, ಗಾಜಿನಿಂದ ಕಳಚುವ ಸಕ್ಷನ್ ಕಪ್ ಕೊಡುವುದಿಲ್ಲ. ಕೆಳಗಿನ ಹೋಲಿಕೆಯೆಲ್ಲ ಈ ಒಂದೇ ಕಣ್ಣಿನಿಂದ ಮಾಡಿದ್ದು.

ಕಾಲಿಂಚಿನ ಸ್ಕ್ರೂ, ಅದರ ಮೇಲಿನ ಪ್ಲೇಟು

ಕ್ಯಾಮೆರಾದ ತಳದ ತೂತಿಗೆ ಐಎಸ್‌ಒ 1222 ಎಂಬ ಮಾನದಂಡವಿದೆ. ಚಿಕ್ಕದು ಕಾಲು ಇಂಚು ವ್ಯಾಸ, ಇಂಚಿಗೆ 20 ಥ್ರೆಡ್. ದೊಡ್ಡದು 3/8 ಇಂಚು, ಇಂಚಿಗೆ 16 ಥ್ರೆಡ್. ಕಾಲಿಂಚಿನ ಉಕ್ಕಿನ ಸ್ಕ್ರೂ ಎಳೆತಕ್ಕೆ ಕಿತ್ತು ಬರುವುದು ಅಪರೂಪ. ಅದು ಸೋಲುವುದು ತಿರುಚಿಗೆ. ತಿರುಗದಂತೆ ಹಿಡಿಯಲು ಪ್ಲೇಟಿನ ಮೇಲಿನ ರಬ್ಬರ್ ಹಾಳೆಯ ಉಜ್ಜುವಿಕೆ ಬಿಟ್ಟರೆ ಅಲ್ಲಿ ಬೇರೇನೂ ಇಲ್ಲ. ಆ ರಬ್ಬರು ಬೆಳಿಗ್ಗೆ ಬಿಗಿಸಿದಾಗ ಉಬ್ಬಿ ಬಿಗಿಯಾಗಿರುವಂತೆ ಕಾಣುತ್ತದೆ, ಮಧ್ಯಾಹ್ನದ ಹೊತ್ತಿಗೆ ಅಮುಕಿಕೊಂಡು ಕೂತು ಸ್ಕ್ರೂವನ್ನು ಸಡಿಲ ಬಿಡುತ್ತದೆ.

ನಿಲುವು ಫ್ರೇಮಿನಲ್ಲಿ ಇನ್ನೊಂದು ವಿಷಯವಿದೆ, ಇದನ್ನು ಹೇಳಿಕೊಡುವವರು ಕಡಿಮೆ. ಗ್ರಿಪ್ (ಬಲಗೈ ಹಿಡಿಯುವ ಉಬ್ಬು) ಮೇಲಕ್ಕೆ ಬರುವಂತೆ ಕ್ಯಾಮೆರಾವನ್ನು ಮಲಗಿಸಿದರೆ ಪ್ಲೇಟು ನಮ್ಮ ಬಲಗಡೆಗೆ ಬರುತ್ತದೆ. ಆಗ ಲೆನ್ಸಿನ ಭಾರ ಕೆಳಗೆ ಎಳೆದಷ್ಟೂ ಸ್ಕ್ರೂ ಬಿಚ್ಚುವ ದಿಕ್ಕಿಗೇ ತಿರುಗುತ್ತದೆ. ಗ್ರಿಪ್ ಕೆಳಗೆ ಬರುವಂತೆ ಮಲಗಿಸಿದರೆ ಅದೇ ಭಾರ ಸ್ಕ್ರೂವನ್ನು ಬಿಗಿ ಮಾಡುತ್ತದೆ. ನಂಬಿಕೆ ಬರದಿದ್ದರೆ ಸ್ಕ್ರೂವನ್ನು ಅರೆಬರೆ ಬಿಗಿಸಿ, ಕೈ ಅಡ್ಡ ಹಿಡಿದುಕೊಂಡು ಎರಡೂ ಕಡೆ ಮಲಗಿಸಿ ನೋಡಿ. ಕಷ್ಟವೇನೆಂದರೆ ಕೈಗೆ ಅನುಕೂಲ ಅಂತ ಹೆಚ್ಚಿನವರು ಮಲಗಿಸುವುದು ಗ್ರಿಪ್ ಮೇಲೆ ಮಾಡಿಯೇ.

ಹಾಗಾಗಿ ಎಲ್ಲ ಕ್ಯಾಮೆರಾಗೂ ಆಗುತ್ತದೆ ಅಂತ ಮಾರುವ ಚಪ್ಪಟೆ ಪ್ಲೇಟು ಹಗುರ ಕ್ಯಾಮೆರಾಗಳಿಗೆ ಸಾಕು, ಅದಕ್ಕಿಂತ ಮೇಲಿನದಕ್ಕೆ ಬೇಡ. ನಿಮ್ಮ ಮಾಡೆಲ್ಲಿಗೇ ಅಳತೆ ಮಾಡಿ ಕಡೆದ ಪ್ಲೇಟಿಗೆ ಹಿಂದೆಯೋ ಮುಂದೆಯೋ ಒಂದು ಸಣ್ಣ ಅಂಚು ಎದ್ದಿರುತ್ತದೆ. ಕ್ಯಾಮೆರಾ ತಿರುಗಲು ಹೊರಟರೆ ಆ ಅಂಚಿಗೆ ತಾಗಿ ನಿಲ್ಲುತ್ತದೆ. ನಿಲುವು ಫ್ರೇಮ್ ಹೆಚ್ಚು ಬಳಸುವವರಿಗೆ ತಳಕ್ಕೂ ಪಕ್ಕಕ್ಕೂ ಪಟ್ಟಿ ಇರುವ ಎಲ್ ಬ್ರಾಕೆಟ್ಟೇ ಸರಿ. ಕ್ಯಾಮೆರಾವನ್ನು ಮಲಗಿಸುವ ಬದಲು ಬಿಚ್ಚಿ ಪಕ್ಕದ ಪಟ್ಟಿಯ ಮೇಲೆ ನಿಲ್ಲಿಸುತ್ತೀರಿ, ಭಾರ ಟ್ರೈಪಾಡಿನ ನಡುವಿಗೇ ಬೀಳುತ್ತದೆ.

ವಿಡಿಯೊ ಮಾಡುವವರಿಗೆ ಕೇಜ್, ಅಂದರೆ ಕ್ಯಾಮೆರಾದ ಸುತ್ತ ಕೂರುವ ಲೋಹದ ಚೌಕಟ್ಟು. ಮೈಕು, ಮಾನಿಟರು, ಹಿಡಿಕೆ ಎಲ್ಲ ಕೇಜಿಗೆ ಹತ್ತುವುದರಿಂದ ಕ್ಯಾಮೆರಾದ ಮೈಗೆ ಎಳೆತವಿಲ್ಲ, ಸಣ್ಣಪುಟ್ಟ ಪೆಟ್ಟನ್ನೂ ಅದೇ ತಿನ್ನುತ್ತದೆ. ಆದರೆ ಕೇಜಿನ ತಳದಲ್ಲಿ ಒಂದೇ ಸ್ಕ್ರೂ ಇದ್ದರೆ ಮೊದಲು ಹೇಳಿದ ಕಾಯಿಲೆಯೇ ಇನ್ನೂ ದುಬಾರಿ ಬೆಲೆಗೆ ಬಂತು ಅಂತ ತಿಳಿಯಿರಿ. ಎರಡನೇ ಸ್ಕ್ರೂ, ತಳದ ಪಿನ್ನು, ಇಲ್ಲವೇ ಪಟ್ಟಿಯ ಕೊಂಡಿಗೆ ಇನ್ನೊಂದು ಹಿಡಿತ, ಇವುಗಳಲ್ಲಿ ಒಂದಾದರೂ ಇರಬೇಕು. ಮಾನಿಟರಿನ ತೋಳಿಗೂ ಇದೇ ಮಾತು: ಬರೀ ಕಾಲಿಂಚಿನ ಸ್ಕ್ರೂಗಿಂತ, 3/8 ಸ್ಕ್ರೂವಿನ ಎರಡೂ ಬದಿಗೆ ಪಿನ್ನು ಇರುವ ಆರಿ (ARRI) ಕಂಪನಿಯ ಶೈಲಿಯದ್ದು ಎಷ್ಟೋ ವಾಸಿ.

ಪ್ಲೇಟನ್ನು ಹಿಡಿಯುವ ಕ್ಲಾಂಪಿನಲ್ಲಿ ಆರ್ಕಾ-ಸ್ವಿಸ್ ಶೈಲಿಯೇ ಈಗ ಎಲ್ಲ ಕಡೆ. ಅಗಲ ಸುಮಾರು 38 ಮಿಲಿಮೀಟರ್. ಈ ‘ಸುಮಾರು’ ಅನ್ನುವುದೇ ತೊಂದರೆ, ಯಾಕೆಂದರೆ ಇದು ರೂಢಿಯಿಂದ ಬಂದ ಅಳತೆ, ಬರೆದಿಟ್ಟ ಮಾನದಂಡವಲ್ಲ. ಲಿವರ್ ಕ್ಲಾಂಪು ಚಕ್ಕನೆ ಮುಚ್ಚುತ್ತದೆ, ಆದರೆ ಅದರ ಬಾಯಿ ಒಂದೇ ಅಳತೆಗೆ ಹೊಂದಿಸಿದ್ದು. ಬೇರೆ ಕಂಪನಿಯ ಪ್ಲೇಟು ಕೂದಲೆಳೆಯಷ್ಟು ಕಿರಿದಾಗಿದ್ದರೂ ಲಿವರ್ ಪೂರ್ತಿ ಮುಚ್ಚಿದಂತೆ ಕಾಣುತ್ತದೆ, ಪ್ಲೇಟು ಮಾತ್ರ ಜಾರುತ್ತದೆ. ತಿರುಪಿನ ಕ್ಲಾಂಪು ನಿಧಾನ, ಆದರೆ ಯಾವ ಪ್ಲೇಟು ಕೊಟ್ಟರೂ ಕಚ್ಚುತ್ತದೆ. ಒಂದೇ ಕಂಪನಿಯ ಪ್ಲೇಟು ಕ್ಲಾಂಪು ಬಳಸುವವರು ಲಿವರ್ ತಗೊಳ್ಳಲಿ. ಅಲ್ಲಿ ಇಲ್ಲಿ ಸಾಲ ತಂದು, ಬಾಡಿಗೆ ತಂದು ಬೆರೆಸುವವರಿಗೆ ತಿರುಪೇ ಇರಲಿ. ಪ್ಲೇಟಿನ ಎರಡು ತುದಿಯಲ್ಲಿ ಪುಟ್ಟ ತಡೆ ಸ್ಕ್ರೂಗಳಿರುತ್ತವೆ. ಅಡ್ಡ ಬರುತ್ತವೆ ಅಂತ ಅವನ್ನು ಕಿತ್ತು ಎಸೆಯುವವರನ್ನು ನೋಡಿದ್ದೇನೆ. ಕ್ಲಾಂಪು ಸಡಿಲವಾದ ದಿನ ಕ್ಯಾಮೆರಾ ಮತ್ತು ನೆಲದ ನಡುವೆ ಉಳಿಯುವುದು ಅವೆರಡೇ.

ಭುಜದ ಮೇಲಿಡುವ ಸುದ್ದಿ ಕ್ಯಾಮೆರಾಗಳ ವಿಸಿಟಿ-14 ಪ್ಲೇಟಿಗೆ ಒಂದೇ ಮಾತು. ‘ಟಕ್’ ಸದ್ದು ಕೇಳಿದ್ದಕ್ಕೆ ಕೈ ಬಿಡಬೇಡಿ. ಹಿಡಿಕೆ ಹಿಡಿದು ಮುಂದಿನಿಂದಲೂ ಹಿಂದಿನಿಂದಲೂ ಮೇಲಕ್ಕೆ ಜಗ್ಗಿ ನೋಡಿ, ಆಮೇಲೆ ಬಿಡಿ. ಎರಡರಲ್ಲಿ ಒಂದೇ ಕಡೆ ಸಿಕ್ಕಿಕೊಂಡರೂ ಸದ್ದು ಬರುತ್ತದೆ.

ಹೆಡ್ಡು ಮತ್ತು ಕಾಲುಗಳು

ಬಾಕ್ಸಿನ ಮೇಲೆ ಬರೆದ ‘ಇಷ್ಟು ಕಿಲೋ ಹೊರುತ್ತದೆ’ ಎಂಬ ಅಂಕಿಯನ್ನು ಇಟ್ಟುಕೊಂಡು ಎರಡು ಕಂಪನಿಯ ಹೆಡ್ಡುಗಳನ್ನು ಹೋಲಿಸಬೇಡಿ. ಅವರವರ ಅಳತೆ ಅವರವರದ್ದು. ಹೆಡ್ಡಿಗೆ ಕಷ್ಟ ಕೊಡುವುದು ಬರೀ ತೂಕವಲ್ಲ, ತೂಕ ಎಷ್ಟು ದೂರದಲ್ಲಿ ನೇತಾಡುತ್ತಿದೆ ಅನ್ನುವುದು. ಮೂರು ಕಿಲೋ ಲೆನ್ಸನ್ನು ಅದರದೇ ಕಾಲರ್ (ಲೆನ್ಸಿನ ಸುತ್ತಲಿನ ಬಳೆ) ಪಾದದ ಮೇಲೆ ತೂಗಿ ಕೂರಿಸಿದರೆ ಸಣ್ಣ ಹೆಡ್ಡೂ ಸುಮ್ಮನಿರುತ್ತದೆ. ಅದೇ ಲೆನ್ಸನ್ನು ಕ್ಯಾಮೆರಾದ ತಳದಿಂದ ಹಿಡಿದರೆ ಹೆಡ್ಡು ಹಾಳು, ಕ್ಯಾಮೆರಾದ ಮೌಂಟೂ ಹಾಳು. ಕಾಲರ್ ಇರುವ ಲೆನ್ಸನ್ನು ಕಾಲರಿನಿಂದಲೇ ಕೂರಿಸಬೇಕು. ಇದಕ್ಕೆ ವಿನಾಯಿತಿ ಇಲ್ಲ.

ಬಾಲ್ ಹೆಡ್ ಚಿಕ್ಕದು, ಚುರುಕು. ಆದರೆ ಒಂದೇ ತಿರುಪು ಸಡಿಲಿಸಿದರೆ ಎಲ್ಲ ದಿಕ್ಕೂ ಒಟ್ಟಿಗೆ ಬಿಟ್ಟುಕೊಳ್ಳುತ್ತದೆ. ಉದ್ದ ಲೆನ್ಸು ಮುಗ್ಗರಿಸಿ ಬಿದ್ದು ಬೆರಳು ಜಜ್ಜುವುದು, ಅದರ ರಭಸಕ್ಕೆ ಟ್ರೈಪಾಡೇ ವಾಲುವುದು ಆಗ. ಪಕ್ಷಿ, ಆಟೋಟದ ದೊಡ್ಡ ಲೆನ್ಸುಗಳಿಗೆ, ತೊಟ್ಟಿಲಿನಂತೆ ತೂಗಿ ಹಿಡಿಯುವ ಗಿಂಬಲ್ ಹೆಡ್ ಬೇಕು ಅನ್ನುವುದು ಈ ಕಾರಣಕ್ಕೆ. ಸಮತೂಕಕ್ಕೆ ಕೂರಿಸಿಬಿಟ್ಟರೆ ಬೀಗ ಬಿಚ್ಚಿದರೂ ಲೆನ್ಸು ಇದ್ದಲ್ಲೇ ಇರುತ್ತದೆ. ನೀವು ಮರೆತರೂ ಅದು ಮರೆಯುವುದಿಲ್ಲ. ವಿಡಿಯೊಗೆ ಫ್ಲೂಯಿಡ್ ಹೆಡ್ (ನಯವಾಗಿ ತಿರುಗುವ ಹೆಡ್ಡು) ತಗೊಳ್ಳುವಾಗ ಅದರ ಬೌಲು (ಕಾಲಿನ ಮೇಲೆ ಕೂರುವ ಬಟ್ಟಲಾಕಾರದ ತಳ) 75, 100, 150 ಮಿಲಿಮೀಟರ್‌ಗಳಲ್ಲಿ ಯಾವುದು ಅಂತ ನೋಡಿ, ನಿಮ್ಮ ಕಾಲಿನ ಬೌಲಿಗೆ ಹೊಂದಬೇಕು. ಅಡಾಪ್ಟರ್ ಹಾಕಿದರೆ ಇನ್ನೊಂದು ಕೊಂಡಿ ಸೇರಿಸಿದಂತೆ.

ಕಾರ್ಬನ್ನೋ ಅಲ್ಯೂಮಿನಿಯಮ್ಮೋ ಅನ್ನುವ ವಾದಕ್ಕೆ ಕೊನೆಯಿಲ್ಲ. ಬೆಟ್ಟ ಹತ್ತುವವರಿಗೆ ಕಾರ್ಬನ್, ಒಂದೇ ಜಾಗದಲ್ಲಿ ನಿಲ್ಲಿಸುವವರಿಗೆ ಅಲ್ಯೂಮಿನಿಯಂ. ಭಾರ ಇರುವುದೇ ಅದರ ಗುಣ. ಎರಡರಲ್ಲೂ ನಡುಕಂಬ ಎತ್ತುವುದು ಕೊನೆಯ ಉಪಾಯವಾಗಿರಲಿ. ಒಂದು ಕಾಲು ಲೆನ್ಸಿನ ದಿಕ್ಕಿಗೇ ಇರಲಿ. ಗಾಳಿಯ ವೇಗ ಎರಡರಷ್ಟಾದರೆ ಅದರ ತಳ್ಳುವ ಬಲ ನಾಲ್ಕರಷ್ಟಾಗುತ್ತದೆ, ಹಾಗಾಗಿ ಬೆಳಿಗ್ಗೆ ನಿಂತ ಟ್ರೈಪಾಡು ಸಂಜೆಯೂ ನಿಲ್ಲುತ್ತದೆ ಅನ್ನುವ ಹಾಗಿಲ್ಲ. ಮರಳುಚೀಲವನ್ನು ನಡುವಿನ ಕೊಕ್ಕೆಗೆ ನೇತುಹಾಕುವುದಾದರೆ ಅದರ ತಳ ನೆಲ ಮುಟ್ಟಿರಲಿ. ತೂಗಾಡುವ ಚೀಲ ಟ್ರೈಪಾಡನ್ನು ಹಿಡಿಯುವ ಬದಲು ಅಲ್ಲಾಡಿಸುತ್ತದೆ.

ನೆಲ ಬಿಟ್ಟು ಮೇಲೆ: ಕ್ಲಾಂಪು, ಮ್ಯಾಜಿಕ್ ಆರ್ಮ್, ಕಪ್, ಅಯಸ್ಕಾಂತ

ಇಲ್ಲಿಂದ ಆಟ ಬೇರೆ. ಟ್ರೈಪಾಡಿನಿಂದ ಬಿದ್ದರೆ ಕ್ಯಾಮೆರಾ ಹೋಗುತ್ತದೆ, ಪೈಪಿನಿಂದ ಬಿದ್ದರೆ ಕೆಳಗಿದ್ದವರ ತಲೆ ಹೋಗುತ್ತದೆ.

ನನ್ನ ಮೊದಲ ಆಯ್ಕೆ ಸೂಪರ್ ಕ್ಲಾಂಪ್. ಮ್ಯಾನ್‌ಫ್ರೊಟ್ಟೊದ 035 ಇದಕ್ಕೆ ಮಾದರಿಯಂತಿದೆ: 13ರಿಂದ 55 ಮಿಲಿಮೀಟರ್ ದಪ್ಪದ ಪೈಪನ್ನು ಕಚ್ಚುತ್ತದೆ, 15 ಕಿಲೋ ಹೊರುತ್ತದೆ ಎಂದು ಕಂಪನಿ ಹೇಳುತ್ತದೆ. ಚಪ್ಪಟೆ ಹಲಗೆಗೆ ಹಾಕುವುದಾದರೆ ಅದರ ಬಾಯಿಗೆ ಬೆಣೆ ಕೊಡಲೇಬೇಕು. ಇದರ ಒಳ್ಳೆಯ ಗುಣ ಏನೆಂದರೆ, ಸಡಿಲವಾದರೆ ಮೊದಲು ಪೈಪಿನ ಸುತ್ತ ತಿರುಗುತ್ತದೆ, ಫ್ರೇಮಿನಲ್ಲಿ ಅದು ಕಾಣುತ್ತದೆ. ಅಂದರೆ ಹೇಳಿ ಕೈಕೊಡುವ ಜಾತಿ.

ಮ್ಯಾಜಿಕ್ ಆರ್ಮ್ ನೋಡಲು ಜಾದೂವೇ, ಒಂದು ಹಿಡಿ ತಿರುಗಿಸಿದರೆ ಮೂರು ಕೀಲೂ ಬಿಗಿಯಾಗುತ್ತವೆ. ಆ ಅನುಕೂಲವೇ ಅದರ ದೌರ್ಬಲ್ಯ: ಒಂದು ಹಿಡಿ ಸಡಿಲವಾದರೆ ಮೂರೂ ಕೀಲು ಒಟ್ಟಿಗೆ ಕುಸಿಯುತ್ತವೆ. ಮಾನಿಟರು, ದೀಪ, ಪುಟ್ಟ ಆಕ್ಷನ್ ಕ್ಯಾಮೆರಾ ಇದಕ್ಕೆ ಹೇಳಿ ಮಾಡಿಸಿದಂತಿವೆ. ದೊಡ್ಡ ಕ್ಯಾಮೆರಾಗೆ ಕ್ಲಾಂಪಿನ ಮೇಲೆ ನೇರ 16 ಮಿಲಿಮೀಟರ್ ಸ್ಪಿಗಟ್ (ಲೋಹದ ಗೂಟ), ಅದರ ಮೇಲೆ ಹೆಡ್ಡು. ಕೋನ ಹೊಂದಿಸಲು ಹತ್ತು ನಿಮಿಷ ಹೆಚ್ಚಾದರೂ ಆಗಲಿ.

ಸಕ್ಷನ್ ಕಪ್ ಬಗ್ಗೆ ಜನ ಎರಡು ಅತಿಗೆ ಹೋಗುತ್ತಾರೆ, ಒಂದೋ ಪೂರ್ತಿ ನಂಬುತ್ತಾರೆ, ಇಲ್ಲವೇ ಹತ್ತಿರವೇ ಸೇರಿಸುವುದಿಲ್ಲ. ಲೆಕ್ಕ ನೋಡಿ. 15 ಸೆಂಟಿಮೀಟರ್ ಅಗಲದ ಕಪ್ಪಿನ ವಿಸ್ತೀರ್ಣ ಸುಮಾರು 177 ಚದರ ಸೆಂಟಿಮೀಟರ್. ಒಳಗೆ ಗಾಳಿಯೇ ಇಲ್ಲದಿದ್ದರೆ ವಾತಾವರಣ ಅದನ್ನು 180 ಕಿಲೋ ಹತ್ತಿರದ ಬಲದಿಂದ ಒತ್ತಿ ಹಿಡಿಯುತ್ತದೆ. ಕೇಳಲು ಚೆಂದ. ಆದರೆ ಪಂಪು ಪೂರ್ತಿ ಗಾಳಿ ತೆಗೆಯುವುದಿಲ್ಲ, ಮೇಲ್ಮೈ ಪೂರ್ತಿ ನಯವಿರುವುದಿಲ್ಲ, 3000 ಮೀಟರ್ ಎತ್ತರದ ಘಾಟಿಗೆ ಹೋದರೆ ವಾತಾವರಣದ ಒತ್ತಡವೇ ಮೂರರಲ್ಲಿ ಒಂದು ಪಾಲಿನಷ್ಟು ಕಡಿಮೆ. ಎಲ್ಲಕ್ಕಿಂತ ಕೆಟ್ಟದ್ದು, ಅಂಚಿನಲ್ಲಿ ಒಂದು ಧೂಳಿನ ಕಣ ಸಿಕ್ಕಿಕೊಂಡರೆ ಗಾಳಿ ಸದ್ದಿಲ್ಲದೆ ಒಳಗೆ ನುಸುಳುತ್ತಿರುತ್ತದೆ. ಕಪ್ ಕೊನೆಯ ಕ್ಷಣದವರೆಗೂ ಗಟ್ಟಿಯಾಗೇ ಇರುತ್ತದೆ, ಆಮೇಲೆ ಇರುವುದಿಲ್ಲ. ಪಂಪಿನ ಕಡ್ಡಿಯ ಮೇಲೆ ಕೆಂಪು ಗೆರೆ ಇರುವ ಕಪ್ಪನ್ನೇ ಕೊಳ್ಳಿ ಅನ್ನುವುದು ಇದಕ್ಕೆ. ಒಳಗಿನ ಹಿಡಿತ ಕಡಿಮೆಯಾದರೆ ಗೆರೆ ಹೊರಗೆ ಇಣುಕುತ್ತದೆ. ಅದೊಂದೇ ಈ ಮೂಕ ಸಾಮಾನಿನ ಬಾಯಿ. ಹಾಗೂ ಕಾರಿನ ಮೇಲೆ ಒಂದೇ ಕಪ್ ಬೇಡ. ಮೂರು ಕಪ್, ಬೇರೆ ಬೇರೆ ದಿಕ್ಕಿಗೆ ಎಳೆದ ರ‍್ಯಾಚೆಟ್ ಪಟ್ಟಿಗಳು, ಪ್ರತಿ ಸಲ ಗಾಡಿ ಹೊರಡುವ ಮುನ್ನ ಮೂರೂ ಗೆರೆ ನೋಡುವ ಒಬ್ಬ ಮನುಷ್ಯ.

ಅಯಸ್ಕಾಂತದ ಮೌಂಟುಗಳ ಮೇಲೆ ಬರೆದ ಅಂಕಿ ದಪ್ಪ ಉಕ್ಕಿನ ತಟ್ಟೆಯಿಂದ ನೇರ ಮೇಲಕ್ಕೆ ಎಳೆದಾಗಿನದ್ದು. ತೆಳು ತಗಡಿನ ಮೇಲೆ, ಅದೂ ಪಕ್ಕಕ್ಕೆ ಜಾರುವ ಬಲಕ್ಕೆ, ಅದರ ಹಿಡಿತ ತೀರಾ ಕಡಿಮೆ. ಎಷ್ಟೋ ಕಾರುಗಳ ಬಾನೆಟ್ ಈಗ ಅಲ್ಯೂಮಿನಿಯಂ, ಅದಕ್ಕೆ ಅಂಟುವುದೇ ಇಲ್ಲ. ದುಬಾರಿ ಕ್ಯಾಮೆರಾ ಇದರ ಮೇಲೆ ನಾನು ಇಡುವುದಿಲ್ಲ.

ಯಾವುದೇ ಆಗಲಿ, ಮೇಲಕ್ಕೆ ಹೋದ ಕ್ಯಾಮೆರಾಗೆ ಉಕ್ಕಿನ ಸೇಫ್ಟಿ ವೈರು ಕಡ್ಡಾಯ. ಅದನ್ನು ಕ್ಯಾಮೆರಾದ ಗಟ್ಟಿ ಜಾಗದಿಂದ ನೇರ ಪೈಪಿಗೇ ಕಟ್ಟಬೇಕು. ಕ್ಲಾಂಪಿಗೆ ಕಟ್ಟಿದರೆ ಕ್ಲಾಂಪು ಕಳಚಿದಾಗ ಎರಡೂ ಸೇರಿ ಬೀಳುತ್ತವೆ. ಉದ್ದವೂ ಮುಖ್ಯ. 3 ಕಿಲೋ ಕ್ಯಾಮೆರಾ 1 ಮೀಟರ್ ಬಿದ್ದು ವೈರಿನ ತುದಿಯಲ್ಲಿ 5 ಸೆಂಟಿಮೀಟರ್ ಒಳಗೆ ನಿಂತರೆ ವೈರಿನ ಮೇಲೆ ಬೀಳುವ ಸರಾಸರಿ ಬಲ 63 ಕಿಲೋ ತೂಕದಷ್ಟು. ಸಡಿಲ ಬರೀ 10 ಸೆಂಟಿಮೀಟರ್ ಇದ್ದು ಅಷ್ಟೇ ದೂರದಲ್ಲಿ ನಿಂತರೆ 9 ಕಿಲೋ. ಬ್ಯಾಗಿನಲ್ಲಿ ಉದ್ದನೆಯ ವೈರು ಇದೆ ಅಂತ ಅದನ್ನೇ ಜೋಲುಬಿಡಬೇಡಿ, ಸುತ್ತಿ ಗಿಡ್ಡ ಮಾಡಿ.

ನಡುಗುವ ಜಾಗದಲ್ಲಿ ಸ್ಕ್ರೂಗಳಿಗೆ ಥ್ರೆಡ್ ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಹಾಕುವುದಾದರೆ ನೀಲಿಯದ್ದು ಮಾತ್ರ, ಅದು ಕೈ ಸಲಕರಣೆಯಿಂದ ಬಿಚ್ಚಿಕೊಳ್ಳುತ್ತದೆ. ಕೆಂಪಿನದ್ದನ್ನು ಬಿಚ್ಚಲು ಬಿಸಿ ಕೊಡಬೇಕು, ಕ್ಯಾಮೆರಾದ ತಳಕ್ಕೆ ಬಿಸಿ ಕೊಡುವವರು ಯಾರು? ಪ್ಲಾಸ್ಟಿಕ್ ಇರುವ ಕಡೆ ನೀಲಿಯೂ ಬೇಡ, ಕೆಲವು ಪ್ಲಾಸ್ಟಿಕ್ಕುಗಳನ್ನು ಅದು ಬಿರುಕು ಬಿಡಿಸುತ್ತದೆ.

ಮೈಮೇಲಿನ ಪಟ್ಟಿ

ಕೊರಳ ಪಟ್ಟಿ ಎರಡು ಕೊಂಡಿಯಲ್ಲಿ ಹಿಡಿಯುತ್ತದೆ, ಟ್ರೈಪಾಡ್ ತೂತಿಗೆ ಸ್ಕ್ರೂ ಹಾಕಿ ಸೊಂಟದ ಹತ್ತಿರ ನೇತಾಡಿಸುವ ಸ್ಲಿಂಗ್ ಪಟ್ಟಿ ಒಂದರಲ್ಲಿ. ನಡೆಯುವಾಗ ಕ್ಯಾಮೆರಾ ಸುತ್ತುತ್ತದೆ, ಆ ಒಂದು ಸ್ಕ್ರೂವೂ ಜೊತೆಗೆ ಸುತ್ತುತ್ತದೆ. ಸ್ಲಿಂಗೇ ಇಷ್ಟವಾದರೆ ಕ್ಯಾಮೆರಾದ ಪಕ್ಕದ ಕೊಂಡಿಗೆ ಇನ್ನೊಂದು ಸಣ್ಣ ದಾರ ಕಟ್ಟಿ. ಪೀಕ್ ಡಿಸೈನ್ ಶೈಲಿಯ ದಾರದ ಆಂಕರ್‌ಗಳಲ್ಲಿ ಹೊರಗಿನ ಕಪ್ಪು ಹೊದಿಕೆ ಸವೆದಾಗ ಒಳಗಿನ ಬಣ್ಣದ ಎಳೆ ಕಾಣಿಸಿಕೊಳ್ಳುತ್ತದೆ, ಕಂಡ ದಿನವೇ ಬದಲಿಸಬೇಕು. ಹೇಳಿ ಕೈಕೊಡುವ ಸಾಮಾನಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಮಳೆ, ಬಿಸಿಲು, ಬೂಷ್ಟು

‘ವೆದರ್ ಸೀಲ್ಡ್’ ಅನ್ನುವುದು ಅಂಕಿಯಿಲ್ಲದ ಮಾತು. ಅಂಕಿ ಕೊಡುವ ಕ್ಯಾಮೆರಾಗಳು ಬೆರಳೆಣಿಕೆಯಷ್ಟು. ಓಎಂ-1ಕ್ಕೆ ಐಪಿ53, ಲೈಕಾ ಎಸ್‌ಎಲ್2ಕ್ಕೆ ಐಪಿ54. ಮೊದಲ ಅಂಕಿ ಧೂಳಿನದ್ದು, ಎರಡನೆಯದು ನೀರಿನದ್ದು. 3 ಅಂದರೆ ಮೇಲಿನಿಂದ ಓರೆಯಾಗಿ ಬೀಳುವ ಸಿಂಪರಣೆ, 4 ಅಂದರೆ ಎಲ್ಲ ಕಡೆಯಿಂದ ಎರಚುವ ನೀರು. 1 ಮೀಟರ್ ಆಳದಲ್ಲಿ 30 ನಿಮಿಷ ಮುಳುಗಿ ಉಳಿಯಬೇಕಾದರೆ 7 ಬೇಕು, ಇವ್ಯಾವುವೂ ಅಲ್ಲಿಗೆ ಬರುವುದಿಲ್ಲ. ಲೆನ್ಸಿಗೆ ಸೀಲ್ ಇಲ್ಲದಿದ್ದರೆ ಕ್ಯಾಮೆರಾದ ಸೀಲಿಗೂ ಅರ್ಥವಿಲ್ಲ. ಹಾಗಾಗಿ ರೇನ್ ಕವರ್ ಬೇಕೇ ಬೇಕು. ಗಂಟೆಗಟ್ಟಲೆ ಮಳೆಯಲ್ಲಿ ನಿಲ್ಲುವವರಿಗೆ ಹೊಲಿದ ಬಟ್ಟೆಯ ಕವರ್, ಅಪರೂಪಕ್ಕೆ ನೆನೆಯುವವರಿಗೆ ಪ್ಲಾಸ್ಟಿಕ್ ತೋಳು. ಎರಡರಲ್ಲೂ ತಳ ತೆರೆದಿರಲಿ, ಇಲ್ಲದಿದ್ದರೆ ಒಳಗೇ ಬೆವರುತ್ತದೆ.

ಟ್ರೈಪಾಡ್ ಮೇಲೆ ಕಾಯುತ್ತಾ ನಿಂತ ಮಿರರ್‌ಲೆಸ್ ಕ್ಯಾಮೆರಾದ ಲೆನ್ಸಿಗೆ ಮುಚ್ಚಳ ಹಾಕಿಡಿ. ಸೂರ್ಯ ಫ್ರೇಮಿಗೆ ಬಂದರೆ ಭೂತಗಾಜಿನಲ್ಲಿ ಕಾಗದ ಸುಟ್ಟ ಹಾಗೆ ಷಟರೋ ಸೆನ್ಸರೋ ಸುಡುತ್ತದೆ. ಲೇಸರ್ ಇರುವ ವೇದಿಕೆಯಲ್ಲೂ ಅಷ್ಟೇ, ಕಿರಣ ನೇರ ಲೆನ್ಸಿಗೆ ಬೀಳುವ ಜಾಗದಲ್ಲಿ ಕ್ಯಾಮೆರಾ ಇಡಬೇಡಿ.

ಇಡುವ ಪೆಟ್ಟಿಗೆಯ ವಿಷಯ. ಪೆಲಿಕನ್ ಥರದ ಗಟ್ಟಿ ಪೆಟ್ಟಿಗೆ ಲಾರಿಗೆ, ವಿಮಾನದ ಹೊಟ್ಟೆಗೆ, ದೋಣಿಗೆ. ಕೈಯಲ್ಲೇ ಇರುವ ಸಾಮಾನಿಗೆ ಬೆನ್ನುಚೀಲ ಮೇಲು: ಪೆಟ್ಟಿಗೆ ದೂರದಿಂದಲೇ ‘ನನ್ನೊಳಗೆ ಬೆಲೆಬಾಳುವುದಿದೆ’ ಅಂತ ಕಳ್ಳನಿಗೆ ಕೂಗಿ ಹೇಳುತ್ತದೆ. ಒಳಗೆ ಕಿತ್ತು ಆಕಾರ ಮಾಡುವ ಚೌಕದ ಫೋಮಿಗಿಂತ ಬದಲಿಸಬಹುದಾದ ಗೋಡೆಗಳು ಒಳ್ಳೆಯವು, ಕ್ಯಾಮೆರಾ ಬದಲಾದರೂ ಪೆಟ್ಟಿಗೆ ಉಳಿಯುತ್ತದೆ. ಬಿಡಿ ಲಿಥಿಯಂ ಬ್ಯಾಟರಿಗಳು ಮಾತ್ರ ಈ ಪೆಟ್ಟಿಗೆಯ ಜೊತೆ ವಿಮಾನದ ಹೊಟ್ಟೆಗೆ ಹೋಗಬಾರದು, ಕೈಚೀಲದಲ್ಲೇ ಇರಬೇಕು. 100 ವಾಟ್-ಅವರ್ ದಾಟಿ 160ರವರೆಗಿನದ್ದಕ್ಕೆ ವಿಮಾನ ಕಂಪನಿಯ ಒಪ್ಪಿಗೆ ಬೇಕು, ಅಂಥವು ಎರಡಕ್ಕಿಂತ ಹೆಚ್ಚು ಬಿಡುವುದಿಲ್ಲ. ದೊಡ್ಡ ವಿಡಿಯೊ ಕ್ಯಾಮೆರಾಗಳ ವಿ-ಮೌಂಟ್ ಬ್ಯಾಟರಿಗಳಲ್ಲಿ 98, 99 ಎಂಬ ಅಂಕಿ ಪದೇಪದೇ ಕಾಣುವುದು ಈ ಲೆಕ್ಕಕ್ಕೆ.

ಸಾಗಿಸಿದ ಪೆಟ್ಟಿಗೆಯಲ್ಲೇ ತಿಂಗಳುಗಟ್ಟಲೆ ಇಡಬೇಡಿ. ನೀರು ಒಳಬಿಡದ ಪೆಟ್ಟಿಗೆ ತೇವವನ್ನು ಹೊರಗೂ ಬಿಡುವುದಿಲ್ಲ, ಫೋಮಿನಲ್ಲಿ ಕೂತ ಪಸೆಯಿಂದ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ಲೆನ್ಸು ಹೆಚ್ಚಿದ್ದವರಿಗೆ ಡ್ರೈ ಕ್ಯಾಬಿನೆಟ್, ತೇವಾಂಶ 40ರಿಂದ 50 ಪ್ರತಿಶತಕ್ಕೆ ಹೊಂದಿಸಿ. ಒಂದೆರಡಿದ್ದವರಿಗೆ ಗಾಳಿಯಾಡದ ಡಬ್ಬ, ಸಿಲಿಕಾ ಜೆಲ್, ತೇವಾಂಶ ಅಳೆಯುವ ಒಂದು ಪುಟ್ಟ ಹೈಗ್ರೋಮೀಟರ್ ಸಾಕು, ಆದರೆ ಜೆಲ್ಲಿನ ಬಣ್ಣ ಬದಲಾದಾಗ ಒಣಗಿಸುವ ಶಿಸ್ತು ಇರಬೇಕು. ನನಗೆ ಅದಿರಲಿಲ್ಲ, ಕ್ಯಾಬಿನೆಟ್ ಕೊಂಡೆ.

ಕಳ್ಳತನ

ಬೀಗ, ಸರಪಳಿ ಎಲ್ಲ ತಡ ಮಾಡಿಸುತ್ತವೆ ಅಷ್ಟೇ. 2021ರಲ್ಲಿ ಬಂದ ಏರ್‌ಟ್ಯಾಗ್ ಥರದ, ತಾವಿರುವ ಜಾಗವನ್ನು ಫೋನಿನಲ್ಲಿ ತೋರಿಸುವ ಬಿಲ್ಲೆಗಳು ಮರೆತ ಚೀಲ ಹುಡುಕಲು ಬಹಳ ಒಳ್ಳೆಯವು. ಕದ್ದ ಚೀಲಕ್ಕೆ ಅಷ್ಟಕ್ಕಷ್ಟೇ, ಏಕೆಂದರೆ ಅಪರಿಚಿತ ಬಿಲ್ಲೆಯೊಂದು ನಿಮ್ಮ ಜೊತೆ ಬರುತ್ತಿದೆ ಅಂತ ಅದೇ ವ್ಯವಸ್ಥೆ ಕಳ್ಳನ ಫೋನಿಗೂ ತಿಳಿಸುತ್ತದೆ. ವಿಮೆಗೆ ಎರಡು ಸಾಲು ಹುಡುಕಿ ಓದಿ: ಕೊಡುವುದು ಹೊಸದರ ಬೆಲೆಯೋ ಸವಕಳಿ ಕಳೆದ ಬೆಲೆಯೋ, ಮತ್ತು ಯಾರೂ ಇಲ್ಲದ ವಾಹನದಿಂದ ಕಳವಾದರೆ ಕೊಡುತ್ತಾರೋ ಇಲ್ಲವೋ. ಕ್ಯಾಮೆರಾ ಮತ್ತು ಲೆನ್ಸುಗಳ ಸೀರಿಯಲ್ ನಂಬರು ಕಾಣುವಂತೆ ಇವತ್ತೇ ಒಂದೊಂದು ಫೋಟೊ ತೆಗೆದು ಬೇರೆಲ್ಲಾದರೂ ಇಟ್ಟುಕೊಳ್ಳಿ. ಬಾಕ್ಸು ಎಸೆದಾಗಿದ್ದರೆ, ಕ್ಯಾಮೆರಾವೂ ಹೋಗಿಬಿಟ್ಟಿದ್ದರೆ, ಹಳೆಯ ಚಿತ್ರವೊಂದರ ಎಕ್ಸಿಫ್ (ಚಿತ್ರದ ಫೈಲಿನೊಳಗೆ ಅಡಗಿರುವ ಮಾಹಿತಿ) ತೆರೆಯಿರಿ. ಎಷ್ಟೋ ಮಾಡೆಲ್ಲುಗಳು ಪ್ರತಿ ಚಿತ್ರದಲ್ಲೂ ತಮ್ಮ ನಂಬರನ್ನು ಬರೆದೇ ಇಟ್ಟಿರುತ್ತವೆ.